ಇಲ್ಲದ ಮನೆಗಳನ್ನು ಕಾಣುವ ಬಗೆ

ಸ್ಯಾನ್ ಫ್ರಾನ್ಸಿಸ್ಕೋದ ಸ್ಟೈನರ್ ಬೀದಿಯಲ್ಲಿ, ಅಲಾಮೋ ಸ್ಕ್ವೇರ್ ಉದ್ಯಾನದ ಪೂರ್ವದ ಮಗ್ಗುಲಿಗೆ, ಇಳಿಜಾರಿನುದ್ದಕ್ಕೂ ಏಳು ಮರದ ಮನೆಗಳು ಒತ್ತಾಗಿ ನಿಂತಿವೆ. 710ರಿಂದ 722ರವರೆಗಿನ ಸರಿಸಂಖ್ಯೆಯ ಮನೆಗಳು. ಮ್ಯಾಥ್ಯೂ ಕವನಾ ಎಂಬ ಕಟ್ಟಡ ವ್ಯಾಪಾರಿ 1892 ಮತ್ತು 1896ರ ನಡುವೆ ಇವುಗಳನ್ನು ಕಟ್ಟಿಸಿದ. ಮೂಲೆಯ 722ನೇ ಮನೆಯಲ್ಲಿ ತಾನೇ ವಾಸವಾಗಿದ್ದ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಚಾಲ್ತಿಯಲ್ಲಿದ್ದ ಕ್ವೀನ್ ಆನ್ ಶೈಲಿಯ ಈ ಮನೆಗಳ ಕಡಿದಾದ ಮಾಡು, ಮುಂಚಾಚಿದ ಕಿಟಕಿ, ತಿಳಿಬಣ್ಣಗಳ ಮುಖ, ಬೆನ್ನ ಹಿಂದೆ ಮೂಡುವ ಗಗನಚುಂಬಿಗಳು ಎಲ್ಲವೂ ಸೇರಿದ ಚಿತ್ರವನ್ನು ಅಂಚೆಕಾರ್ಡಿನಲ್ಲೋ ಟಿವಿ ಧಾರಾವಾಹಿಯಲ್ಲೋ ನೋಡದವರು ಕಡಿಮೆ. ಪೇಂಟೆಡ್ ಲೇಡೀಸ್ ಎಂಬ ಹೆಸರಿನಿಂದ ಅವು ಪ್ರಸಿದ್ಧ. ನನಗಿಲ್ಲಿ ಮುಖ್ಯವಾದದ್ದು ಅವುಗಳ ಚೆಲುವಲ್ಲ, ಅವುಗಳೆದುರು ನಿಂತವನಿಗೆ ಏನು ತಿಳಿಯುತ್ತದೆ ಎಂಬುದು. ಹಳೆಯ ಮನೆಯೊಂದನ್ನು ಕಷ್ಟಪಟ್ಟು ಉಳಿಸಿಕೊಂಡಾಗ ನಾವು ಉಳಿಸಿಕೊಳ್ಳುವುದು ಯಾವ ಜ್ಞಾನವನ್ನು? ಇದು ವಾಸ್ತುಶಿಲ್ಪದ ಪ್ರಶ್ನೆಯಂತೆ ಕಂಡರೂ ಪ್ರಮಾಣಶಾಸ್ತ್ರದ ಪ್ರಶ್ನೆ. ಅದಕ್ಕೆ ನಮ್ಮ ದರ್ಶನಗಳಲ್ಲಿ ಒಂದು ಸಿದ್ಧ ಉಪಕರಣವಿದೆ ಎಂಬುದು ನನ್ನ ವಾದ.

ಮೊದಲು, ಸಾಮಾನ್ಯವಾಗಿ ಸಿಗುವ ಉತ್ತರಗಳನ್ನು ನೋಡೋಣ. ಚೆಲುವಿಗಾಗಿ ಉಳಿಸುತ್ತೇವೆ ಎನ್ನುವುದು ಮೊದಲನೆಯದು. ಆದರೆ ಚೆಲುವಿಗೆ ಹಳತಾಗಿರಬೇಕಾದ ಅಗತ್ಯವಿಲ್ಲ. ಇದೇ ಆಕಾರದ ಮನೆಯನ್ನು ಇವತ್ತು ಬೇರೆಲ್ಲಾದರೂ ಕಟ್ಟಿದರೂ ಕಣ್ಣಿಗೆ ಅಷ್ಟೇ ಹಿತ. ಕುಶಲಕರ್ಮಿಯ ಕೈಗುಣಕ್ಕಾಗಿ ಎನ್ನುವುದು ಎರಡನೆಯದು. ಈ ಮನೆಗಳ ಮಟ್ಟಿಗೆ ಅದು ಅರ್ಧ ಸತ್ಯ ಮಾತ್ರ. ಅಂದಿನ ಸ್ಯಾನ್ ಫ್ರಾನ್ಸಿಸ್ಕೋದ ಮನೆಗಳ ಕಂಬ, ಕಮಾನು, ಹೂಬಳ್ಳಿಗಳು ಹೆಚ್ಚಾಗಿ ಉಗಿಯಂತ್ರದಿಂದ ಓಡುವ ಮರದ ಮಿಲ್ಲುಗಳಲ್ಲಿ ರಾಶಿರಾಶಿಯಾಗಿ ತಯಾರಾಗುತ್ತಿದ್ದವು. ಕಟ್ಟಿಸುವವನು ಕ್ಯಾಟಲಾಗ್ ನೋಡಿ ಆರಿಸುತ್ತಿದ್ದ, ಬಡಗಿ ತಂದು ಮೊಳೆ ಹೊಡೆಯುತ್ತಿದ್ದ. ವಿಕ್ಟೋರಿಯನ್ ಯುಗದ ಅತಿ ದೊಡ್ಡ ಕಲಾವಿಮರ್ಶಕ ಜಾನ್ ರಸ್ಕಿನ್ 1849ರ ತನ್ನ 'ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್' ಕೃತಿಯಲ್ಲಿ ಯಂತ್ರದಿಂದ ಮಾಡಿದ ಅಲಂಕಾರವನ್ನು ವಂಚನೆಯ ಸಾಲಿಗೆ ಸೇರಿಸಿದ್ದ. ಅವನ ತೂಕದಲ್ಲಿ ಈ ಏಳು ಮನೆಗಳು ನಿಲ್ಲುವುದಿಲ್ಲ. ಇನ್ನು ಬಣ್ಣ. ಇಂದು ಪ್ರವಾಸಿಗರನ್ನು ಸೆಳೆಯುವ ಬಹುವರ್ಣದ ಮುಖಗಳು 1960ರ ದಶಕದಲ್ಲಿ ಶುರುವಾದ ಹೊಸ ಚಳವಳಿಯ ಫಲ. 1963ರಲ್ಲಿ ಬುಚ್ ಕಾರ್ಡಮ್ ಎಂಬ ಕಲಾವಿದ ತನ್ನ ಮನೆಗೆ ಗಾಢ ನೀಲಿ ಹಸಿರು ಬಳಿದ. ನೋಡಿದವರು ಮೊದಲು ಹೀಗಳೆದರು, ಆಮೇಲೆ ಅನುಕರಿಸಿದರು. ಅದಕ್ಕೆ ಮುಂಚೆ ಯುದ್ಧಗಳ ಕಾಲದಲ್ಲಿ ನೌಕಾಪಡೆಯಲ್ಲಿ ಮಿಕ್ಕಿದ ಬೂದು ಬಣ್ಣವೇ ಊರಿನ ಎಷ್ಟೋ ಮನೆಗಳಿಗೆ ಗತಿಯಾಗಿತ್ತು. ಪೇಂಟೆಡ್ ಲೇಡೀಸ್ ಎಂಬ ಹೆಸರು ನೆಲೆಗೊಂಡದ್ದು 1978ರಲ್ಲಿ ಪ್ರಕಟವಾದ ಒಂದು ಪುಸ್ತಕದಿಂದ. ಹೀಗೆ ಚೆಲುವು, ಕೈಗುಣ, ಮೂಲಬಣ್ಣ ಯಾವುದೂ ಪೂರ್ತಿ ಉತ್ತರವಾಗುವುದಿಲ್ಲ. ಆದರೂ ಈ ಮನೆಗಳು ಹೋಗಿಬಿಟ್ಟರೆ ಏನೋ ದೊಡ್ಡದು ನಷ್ಟವಾಗುತ್ತದೆ ಎಂಬ ಅನಿಸಿಕೆ ಸುಳ್ಳಲ್ಲ. ಅದು ಯಾವುದು ಎಂದು ಹುಡುಕಬೇಕು.

ಹುಡುಕಾಟಕ್ಕೆ ಒಂದು ಎಳೆ 1906ರಲ್ಲಿದೆ. ಆ ವರ್ಷ ಏಪ್ರಿಲ್ 18ರ ನಸುಕಿನಲ್ಲಿ ಭೂಮಿ ನಡುಗಿತು. ನೀರಿನ ಕೊಳವೆಗಳು ಒಡೆದವು, ಬೆಂಕಿ ಹತ್ತಿತು, ದಿನಗಟ್ಟಲೆ ಉರಿಯಿತು. ಸುಮಾರು 28,000 ಕಟ್ಟಡಗಳು ನಾಶವಾದವು; ನಾಲ್ಕು ಲಕ್ಷ ಜನರ ಊರಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ನಿರಾಶ್ರಿತರಾದರು. ಬೆಂಕಿ ಪಶ್ಚಿಮಕ್ಕೆ ಹಬ್ಬುವುದನ್ನು ವ್ಯಾನ್ ನೆಸ್ ಎಂಬ ಅಗಲವಾದ ರಸ್ತೆಯ ಬಳಿ ತಡೆಯಲಾಯಿತು. ತಡೆಯಲು, ಆ ರಸ್ತೆಯಲ್ಲಿದ್ದ ಶ್ರೀಮಂತರ ಭವನಗಳನ್ನು ಸೈನಿಕರು ಡೈನಮೈಟ್ ಇಟ್ಟು ಉರುಳಿಸಿದರು. ಸ್ಟೈನರ್ ಬೀದಿ ಇರುವುದು ವ್ಯಾನ್ ನೆಸ್‌ನ ಪಶ್ಚಿಮಕ್ಕೆ. ಈ ಏಳು ಮನೆಗಳು ಇಂದು ಇವೆ ಎಂದರೆ ಅದರ ಹಿಂದೆ ಬೇಕೆಂದೇ ಇಲ್ಲವಾಗಿಸಿದ ಬೇರೆ ಮನೆಗಳಿವೆ. ಉಳಿದದ್ದರ ಇರವಿನಲ್ಲಿ ಅಳಿದದ್ದರ ಪಾಲಿದೆ. ಪ್ರವಾಸಿಯ ಕಣ್ಣಿಗೆ ಇದು ಬೀಳುವುದಿಲ್ಲ, ಏಕೆಂದರೆ ಕಣ್ಣು ಇರುವುದನ್ನು ಮಾತ್ರ ನೋಡುತ್ತದೆ ಎಂಬುದು ನಮ್ಮ ವಾಡಿಕೆಯ ನಂಬಿಕೆ. ಇಲ್ಲದಿರುವುದು ತಿಳಿಯುವುದು ಹೇಗೆ?

ಈ ಪ್ರಶ್ನೆಯನ್ನು ಭಾರತದ ತಾರ್ಕಿಕರು ಶತಮಾನಗಳ ಕಾಲ ಬಿಡದೆ ಚರ್ಚಿಸಿದ್ದಾರೆ. ಬರಿಯ ನೆಲವನ್ನು ನೋಡಿ 'ಇಲ್ಲಿ ಗಡಿಗೆ ಇಲ್ಲ' ಎನ್ನುತ್ತೇವೆ. ಕಣ್ಣಿಗೆ ಬಿದ್ದದ್ದು ನೆಲ. ಗಡಿಗೆಯ ಅಭಾವ ಕಣ್ಣಿಗೆ ಹೇಗೆ ಬಿತ್ತು? ನೈಯಾಯಿಕರು ಅದೂ ಪ್ರತ್ಯಕ್ಷವೇ ಎಂದರು. ಪ್ರಾಭಾಕರ ಮೀಮಾಂಸಕರು ಅಭಾವವೆಂಬ ಬೇರೆ ಪದಾರ್ಥವೇ ಇಲ್ಲ, ಬರಿಯ ನೆಲವೇ ಅದು ಎಂದರು. ಕುಮಾರಿಲ ಭಟ್ಟನ ಪಂಥ ಮತ್ತು ಅದನ್ನು ಅನುಸರಿಸಿದ ಅದ್ವೈತಿಗಳು ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನೇ ಒಪ್ಪಿದರು: ಕಾಣದಿರುವಿಕೆಯೇ ಇಲ್ಲದಿರುವಿಕೆಯನ್ನು ತಿಳಿಸುವ ಸ್ವತಂತ್ರ ದಾರಿ. ನಮ್ಮ ಮಳಖೇಡದ ಜಯತೀರ್ಥರ ದ್ವೈತ ಪರಂಪರೆ ಮೂರೇ ಪ್ರಮಾಣಗಳು ಸಾಕು, ಅಭಾವದ ಜ್ಞಾನವನ್ನೂ ಅವುಗಳಲ್ಲೇ ಅಡಕ ಮಾಡಬಹುದು ಎಂದಿತು. ಈ ಜಗಳದ ತೀರ್ಪು ನನ್ನ ವಾದಕ್ಕೆ ಬೇಕಿಲ್ಲ. ಬೇಕಾದದ್ದು ಅಭಾವವನ್ನು ಒಪ್ಪಿದವರೆಲ್ಲ ವಿಧಿಸಿದ ಎರಡು ಷರತ್ತುಗಳು. ಒಂದು, ಯಾವುದರ ಅಭಾವವೋ ಆ ವಸ್ತು, ಅಂದರೆ ಪ್ರತಿಯೋಗಿ, ಮೊದಲೇ ತಿಳಿದಿರಬೇಕು. ಗಡಿಗೆಯನ್ನೇ ಅರಿಯದವನಿಗೆ ಗಡಿಗೆ ಇಲ್ಲದಿರುವುದು ಗೊತ್ತಾಗದು. ಎರಡು, ವಸ್ತು ಅಲ್ಲಿದ್ದಿದ್ದರೆ ಕಾಣಬಹುದಾಗಿದ್ದ ಪರಿಸ್ಥಿತಿ ಇರಬೇಕು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅದು ಇಲ್ಲವೆಂದು ಹೇಳುವ ಹಕ್ಕು ನಮಗಿಲ್ಲ. ಬೆಳಕಿರಬೇಕು. ಇದನ್ನು ಯೋಗ್ಯತೆ ಎಂದರು.

ಈ ಷರತ್ತುಗಳನ್ನು ಹಿಡಿದು ಸ್ಟೈನರ್ ಬೀದಿಯಲ್ಲೇ ಉತ್ತರಕ್ಕೆ ಹೋಗಬೇಕು. ಹಲವು ಅಡ್ಡಬೀದಿಗಳನ್ನು ದಾಟಿ ಅದು ಗಿಯರಿ ಬುಲೆವಾರ್ಡನ್ನು ಹಾಯುತ್ತದೆ. ವಾಹನಗಳು ಭರ್ರೆಂದು ಓಡುವ ಭಾರಿ ರಸ್ತೆ, ಆಚೀಚೆ ಇಪ್ಪತ್ತನೆಯ ಶತಮಾನದ ನಡುಗಾಲದ ವಸತಿ ಸಮುಚ್ಚಯಗಳು, ಪೂರ್ವಕ್ಕೆ ಸ್ವಲ್ಪ ದೂರದಲ್ಲಿ 1968ರಲ್ಲಿ ತೆರೆದ ಜಪಾನ್ ಸೆಂಟರ್. ಇಲ್ಲಿ ಏನೋ ಇಲ್ಲ ಎಂದು ಹೊಸಬನಿಗೆ ಅನಿಸುವುದಿಲ್ಲ. ಊರು ಎಂದರೆ ಹೀಗೇ ಎಂದುಕೊಳ್ಳುತ್ತಾನೆ. ಆದರೆ ಅಲಾಮೋ ಸ್ಕ್ವೇರ್ ಸೇರಿದಂತೆ ಈ ಇಡೀ ಭಾಗವನ್ನು ವೆಸ್ಟರ್ನ್ ಅಡಿಷನ್ ಎನ್ನುತ್ತಾರೆ. ಇಲ್ಲೆಲ್ಲ ಇಪ್ಪತ್ತೈದು ಅಡಿ ಅಗಲದ ನಿವೇಶನಗಳಲ್ಲಿ ಅದೇ ಕಾಲದ, ಅದೇ ಮರದ, ಅದೇ ಬಗೆಯ ಮನೆಗಳು ಸಾಲುಸಾಲಾಗಿದ್ದವು. 1906ರ ಬೆಂಕಿ ಅವನ್ನೂ ಮುಟ್ಟಿರಲಿಲ್ಲ. ಬೆಂಕಿ ಬಿಟ್ಟದ್ದನ್ನು ಸರ್ಕಾರ ಕೆಡವಿತು.

ಅದರ ಕಥೆಯನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ಒಂದರ ಮೇಲೊಂದು ಅಭಾವ ಕೂತಿರುವುದು ಇಲ್ಲೇ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪೋಸ್ಟ್, ಬುಕಾನನ್ ಬೀದಿಗಳ ಸುತ್ತ ಜಪಾನಿ ಮೂಲದ ಸಂಸಾರಗಳು ನೆಲೆಸಿ ಅಂಗಡಿ, ಶಾಲೆ, ಬೌದ್ಧ ಮಂದಿರ, ಚರ್ಚು ಕಟ್ಟಿಕೊಂಡಿದ್ದವು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಕೆಲವೇ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಒಳನಾಡಿನ ಶಿಬಿರಗಳಿಗೆ ಸಾಗಿಸಲಾಯಿತು. ಖಾಲಿಯಾದ ಮನೆಗಳಿಗೆ ಹಡಗು ಕಾರ್ಖಾನೆಗಳ ಕೆಲಸಕ್ಕೆಂದು ಲೂಸಿಯಾನ, ಟೆಕ್ಸಾಸ್‌ಗಳಿಂದ ಬಂದ ಕಪ್ಪು ಜನರು ಬಂದರು. 1940ರಲ್ಲಿ ಊರಿನಲ್ಲಿ ಅವರ ಸಂಖ್ಯೆ 5,000 ದಾಟಿರಲಿಲ್ಲ; 1950ರ ಹೊತ್ತಿಗೆ 40,000 ಮೀರಿತು. ಬೇರೆ ಬಡಾವಣೆಗಳಲ್ಲಿ ಅವರಿಗೆ ಮನೆ ಕೊಡುತ್ತಿರಲಿಲ್ಲ. ಜನಾಂಗದ ಕರಾರುಗಳು ಕ್ರಯಪತ್ರದಲ್ಲೇ ಬರೆದಿರುತ್ತಿದ್ದವು. 1937ರ ಫೆಡರಲ್ ಸಾಲ ಸಂಸ್ಥೆಯ ನಕ್ಷೆ ವೆಸ್ಟರ್ನ್ ಅಡಿಷನ್ನಿಗೆ ಕೆಂಪು ಬಳಿದು, ಸಾಲಕ್ಕೆ ಅಪಾಯಕರ ಎಂದು ಗುರುತಿಸಿತ್ತು. ಹಾಗಾಗಿ ಒಂದು ಸಂಸಾರಕ್ಕೆಂದು ಕಟ್ಟಿದ ವಿಕ್ಟೋರಿಯನ್ ಮನೆಗಳನ್ನು ನಾಲ್ಕಾರು ಪಾಲು ಮಾಡಿ ಬಾಡಿಗೆಗೆ ಕೊಟ್ಟರು. ಜನ ತುಂಬಿದರು, ದುರಸ್ತಿಗೆ ಸಾಲ ಹುಟ್ಟಲಿಲ್ಲ. ಆದರೂ ಫಿಲ್‌ಮೋರ್ ಬೀದಿ ರಾತ್ರಿಯಿಡೀ ಎಚ್ಚರವಿರುವ ಜಾಝ್ ಸಂಗೀತದ ತಾಣವಾಯಿತು, ಪ್ರಾರ್ಥನಾ ಮಂದಿರಗಳು ಎದ್ದವು. 1948ರಲ್ಲಿ ನಗರದ ಆಡಳಿತ ಈ ಪ್ರದೇಶವನ್ನು ಪಾಳು ಬಿದ್ದದ್ದು ಎಂದು ಘೋಷಿಸಿತು. 1949ರ ಫೆಡರಲ್ ವಸತಿ ಕಾಯಿದೆ ಕೆಡವಲು ಹಣ ಕೊಟ್ಟಿತು. 1959ರಿಂದ ಜಸ್ಟಿನ್ ಹರ್ಮನ್ ನೇತೃತ್ವದ ಪುನರಭಿವೃದ್ಧಿ ಸಂಸ್ಥೆ ಕೆಲಸವನ್ನು ಭರದಿಂದ ನಡೆಸಿತು. ಮೊದಲು ಗಿಯರಿ ಅಗಲವಾಯಿತು, ಆಮೇಲೆ ಅದರ ಎರಡೂ ಕಡೆಯ ಬೀದಿಗಳು ಹೋದವು. ಪತ್ರಿಕೆಗಳು ಮತ್ತೆಮತ್ತೆ ಉಲ್ಲೇಖಿಸುವ ಲೆಕ್ಕದಂತೆ ಸುಮಾರು 2,500 ವಿಕ್ಟೋರಿಯನ್ ಮನೆಗಳು ನೆಲಸಮವಾದವು, 883 ಅಂಗಡಿ ವಹಿವಾಟುಗಳು ಮುಚ್ಚಿದವು, 4,729 ಸಂಸಾರಗಳು ಎದ್ದು ಹೋದವು. 1963ರಲ್ಲಿ ಈ ಊರನ್ನು ಕಣ್ಣಾರೆ ಕಂಡ ಲೇಖಕ ಜೇಮ್ಸ್ ಬಾಲ್ಡ್‌ವಿನ್, ನಗರ ನವೀಕರಣವೆಂದರೆ ಕಪ್ಪು ಜನರ ತೆರವು ಎಂದು ಟಿವಿ ಸಂದರ್ಶನದಲ್ಲಿ ನೇರವಾಗಿ ಹೇಳಿದರು. ನಿವಾಸಿಗಳು ವಾಕೋ ಎಂಬ ಸಂಘ ಕಟ್ಟಿ ನ್ಯಾಯಾಲಯಕ್ಕೆ ಹೋದರು. 1968ರ ಕೊನೆಗೆ ತಡೆಯಾಜ್ಞೆಯೂ ಸಿಕ್ಕಿತು, ಆದರೆ ಅದು ಹೆಚ್ಚು ಕಾಲ ನಿಲ್ಲಲಿಲ್ಲ. ಕೆಡವಿದ ಎಷ್ಟೋ ನಿವೇಶನಗಳು ಆಮೇಲೆ ವರ್ಷಾನುಗಟ್ಟಲೆ ಬರಿದೇ ಬಿದ್ದಿದ್ದವು.

ಈಗ ನನ್ನ ವಾದವನ್ನು ಸ್ಪಷ್ಟವಾಗಿ ಹೇಳಬಹುದು. ಸ್ಟೈನರ್ ಬೀದಿಯ ಏಳು ಮನೆಗಳ ನಿಜವಾದ ಬೆಲೆ, ಅವು ಗಿಯರಿಯಲ್ಲಿನ ಅಭಾವವನ್ನು ತಿಳಿಯಬಲ್ಲದ್ದಾಗಿ ಮಾಡುತ್ತವೆ ಎಂಬುದರಲ್ಲಿದೆ. ಅವು ಪ್ರತಿಯೋಗಿಯ ಪರಿಚಯ ಮಾಡಿಸುತ್ತವೆ, ನೋಡಲು ಬೇಕಾದ ಬೆಳಕನ್ನೂ ಕೊಡುತ್ತವೆ. ಈ ಸಾಲನ್ನು ಕಂಡು ಉತ್ತರಕ್ಕೆ ಹೋದವನು ಮಾತ್ರ ಅಗಲ ರಸ್ತೆಯನ್ನು ಬರಿಯ ರಸ್ತೆಯೆಂದು ನೋಡದೆ, ಇದ್ದದ್ದು ಹೋದ ಜಾಗವೆಂದು ನೋಡಬಲ್ಲ. ಎಲ್ಲವನ್ನೂ ಕೆಡವಿದ್ದರೆ ಕೆಡವಿದ್ದೂ ಮರೆಯಾಗುತ್ತಿತ್ತು. ಪೂರ್ಣ ವಿನಾಶ ತನ್ನ ಗುರುತನ್ನೂ ಅಳಿಸಿಕೊಳ್ಳುತ್ತದೆ. ಅಷ್ಟಿಷ್ಟು ಉಳಿದಾಗಲೇ ಅದು ಸಿಕ್ಕಿಬೀಳುವುದು. ಆದ್ದರಿಂದ ಹಳೆಯ ಮನೆಯನ್ನು ಉಳಿಸುವುದು ಗತಕಾಲದ ಪೂಜೆಯಲ್ಲ, ಅಳಿದದ್ದರ ಪರವಾಗಿ ಸಾಕ್ಷಿಯನ್ನು ಜೀವಂತವಾಗಿ ಇಡುವುದು. ಸಾಕ್ಷಿಗೆ ಸಲ್ಲುವ ಧರ್ಮವೇ ಇದಕ್ಕೂ ಸಲ್ಲುತ್ತದೆ. ನ್ಯಾಯದರ್ಶನ ಆಪ್ತನೆಂದು ಕರೆಯುವುದು ವಿಷಯವನ್ನು ಇದ್ದಂತೆ ಅರಿತು ಇದ್ದಂತೆ ಹೇಳಬಯಸುವವನನ್ನು. ಅರ್ಧ ಹೇಳಿ ಅರ್ಧ ನುಂಗುವ ಸಾಕ್ಷಿ ಸುಳ್ಳಾಡದಿದ್ದರೂ ಆಪ್ತನಲ್ಲ.

ಇಲ್ಲೊಂದು ತೊಡಕಿದೆ. ಅದು ನನ್ನ ವಾದವನ್ನೇ ಅಲುಗಿಸುವಷ್ಟು ಗಟ್ಟಿಯಾದದ್ದು. ಮರದ ಮನೆ ತನ್ನಂಥದೇ ಮರದ ಮನೆಯ ಅಭಾವವನ್ನು ಮಾತ್ರ ತೋರಿಸಬಲ್ಲದು. ಸಂಸಾರದ ಅಭಾವವನ್ನು ತೋರಿಸುವುದಿಲ್ಲ. ಸ್ಟೈನರ್ ಸಾಲನ್ನು ನೋಡಿದವನು ಗಿಯರಿಯಲ್ಲಿ ನಿಂತು ಅಯ್ಯೋ, ಎಂಥ ಕಿಟಕಿಗಳು ಹೋದವು ಎಂದು ಮರುಗಬಹುದು. ಅಲ್ಲಿಂದ ಎದ್ದು ಹೋದ ಅಜ್ಜಿಯೊಬ್ಬಳ ನೆನಪು ಅವನಿಗೆ ಬರಬೇಕಾದ ಕಾರಣವೇನೂ ಇಲ್ಲ. ಇದು ಊಹೆಯ ಮಾತಲ್ಲ. ಕೆಡವುವಿಕೆಯಿಂದ ಎಚ್ಚೆತ್ತು 1971ರಲ್ಲಿ ಊರಿನ ಪಾರಂಪರಿಕ ಕಟ್ಟಡಗಳಿಗಾಗಿ ಒಂದು ಪ್ರತಿಷ್ಠಾನ ಹುಟ್ಟಿತು. 1974ರಲ್ಲಿ ಅದು ಪುನರಭಿವೃದ್ಧಿ ಸಂಸ್ಥೆಯೊಡನೆ ಸೇರಿ, ಕೆಡವಬೇಕಾಗಿದ್ದ ಹನ್ನೆರಡು ವಿಕ್ಟೋರಿಯನ್ ಮನೆಗಳನ್ನು ಬುಡದಿಂದ ಎಬ್ಬಿಸಿ, ಗಾಲಿಗಳ ಮೇಲಿಟ್ಟು, ಬೀದಿಗಳಲ್ಲಿ ಎಳೆದು ಬೇರೆ ನಿವೇಶನಗಳಲ್ಲಿ ಕೂರಿಸಿತು. ಕೆಲಸದ ಸಾಹಸಕ್ಕೆ ನಾನು ತಲೆಬಾಗುತ್ತೇನೆ. ಆದರೆ ಮನೆಗಳಿಗೆ ಹೊಸ ವಿಳಾಸ ಹುಡುಕಿಕೊಡುವ ಕಾಳಜಿ ಸಿಕ್ಕ ಅದೇ ವರ್ಷಗಳಲ್ಲಿ ಮನುಷ್ಯರಿಗೆ ಆ ಕಾಳಜಿ ಸಿಗಲಿಲ್ಲ ಎಂಬುದನ್ನು ಹೇಳದೆ ಬಿಡಲಾರೆ. ಎರಡು ಪ್ರತಿಯೋಗಿಗಳಿದ್ದವು, ಮನೆ ಮತ್ತು ಮನೆಯವರು. ಒಂದರ ನಷ್ಟ ಮಾತ್ರ ನಷ್ಟವೆಂದು ಲೆಕ್ಕಕ್ಕೆ ಬಂತು. ಹಾಗಾದರೆ ಮರದ ಸಾಕ್ಷಿಗೆ ಮಾತಿನ ಸಾಕ್ಷಿಯ ಆಸರೆ ಬೇಕು. ಎದ್ದು ಹೋದವರ ಹೇಳಿಕೆ, ಛಾಯಾಚಿತ್ರ, ದಾಖಲೆಗಳು ಕಟ್ಟಡದ ಪಕ್ಕದಲ್ಲೇ, ಕಟ್ಟಡದಷ್ಟೇ ಗೌರವದಿಂದ ಉಳಿಯಬೇಕು. ಶಬ್ದಪ್ರಮಾಣ ಇಲ್ಲದೆ ಅನುಪಲಬ್ಧಿ ಇಲ್ಲಿ ಅರ್ಧ ಕುರುಡು.

ಇವೆರಡೂ ಕೂಡಿದ ಒಂದು ಕಟ್ಟಡದ ಉದಾಹರಣೆ ಇದೇ ನೆರೆಯಲ್ಲಿದೆ. ಪೋಸ್ಟ್ ಬೀದಿಯ 1690ನೇ ಸಂಖ್ಯೆಯಲ್ಲಿದ್ದ, 1890ರ ದಶಕದ ಒಂದು ವಿಕ್ಟೋರಿಯನ್ ಕಟ್ಟಡ. ಯುದ್ಧಕ್ಕೆ ಮುಂಚೆ ಅಲ್ಲಿ ಜಪಾನಿ ಮೂಲದವರ ಔಷಧಿ ಅಂಗಡಿಯಿತ್ತು. ಅವರು ಶಿಬಿರಕ್ಕೆ ಹೋದರು. 1950ರಿಂದ ಅದರ ಹಿಂಭಾಗದಲ್ಲಿ ಜಿಂಬೋಸ್ ಬಾಪ್ ಸಿಟಿ ಎಂಬ ಜಾಝ್ ಕ್ಲಬ್ ನಡೆಯಿತು. ಜಾನ್ ಕೋಲ್ಟ್ರೇನ್‌ರಂಥವರು ಅಲ್ಲಿ ನುಡಿಸಿದರು. ಬಡಾವಣೆ ಕೆಡವುವಾಗ ಈ ಕಟ್ಟಡವನ್ನು ಎಬ್ಬಿಸಿ ಫಿಲ್‌ಮೋರ್ ಬೀದಿಗೆ ಸಾಗಿಸಿದರು. ಅಲ್ಲಿ ಮಾರ್ಕಸ್ ಬುಕ್ಸ್ ಎಂಬ, ಕಪ್ಪು ಜನರ ಸಾಹಿತ್ಯಕ್ಕೆ ಮೀಸಲಾದ ಪುಸ್ತಕದಂಗಡಿ ದಶಕಗಳ ಕಾಲ ನಡೆಯಿತು. 2014ರಲ್ಲಿ ನಗರ ಈ ಕಟ್ಟಡವನ್ನು ಅಧಿಕೃತ ಸ್ಮಾರಕವೆಂದು ಘೋಷಿಸಿತು. ಅದೇ ವರ್ಷ ಪುಸ್ತಕದಂಗಡಿ ಅಲ್ಲಿಂದ ತೆರವಾಯಿತು. ಗೋಡೆಗೆ ಮಾನ್ಯತೆ ಸಿಕ್ಕ ಹೊತ್ತಿಗೇ ಗೋಡೆಯೊಳಗಿನ ಬದುಕು ಹೊರಬಿತ್ತು. ಆದರೂ ಈ ಕಟ್ಟಡ ಸ್ಟೈನರ್ ಸಾಲಿಗಿಂತ ಹೆಚ್ಚು ಆಪ್ತವಾದ ಸಾಕ್ಷಿ, ಏಕೆಂದರೆ ಅದಕ್ಕೆ ಸ್ಮಾರಕದ ಪಟ್ಟ ಬಂದದ್ದು ಅಲ್ಲಿ ಬಾಳಿದವರ ಕಾರಣಕ್ಕೆ. ಅದರ ಮಾಡಿನ ಅಂದ ಎರಡನೆಯ ಮಾತು.

ಸ್ಥಳ ಬದಲಾಗಿ, ಹಲಗೆ ಬದಲಾಗಿ, ಬಣ್ಣ ಬದಲಾಗಿ, ಕೊನೆಗೆ ಉಳಿದದ್ದು ಅದೇ ಮನೆಯೇ ಎಂದು ಯಾರಾದರೂ ಕೇಳಬಹುದು. ಥೀಸಿಯಸ್‌ನ ಹಡಗಿನ ಹಳೆಯ ಗ್ರೀಕ್ ಒಗಟು ಇದೇ. ಮಿಲಿಂದ ಪ್ರಶ್ನೆ ಎಂಬ ಬೌದ್ಧ ಗ್ರಂಥದಲ್ಲಿ ಭಿಕ್ಷು ನಾಗಸೇನ ರಥದ ಗಾಲಿ, ಅಚ್ಚು, ನೊಗಗಳನ್ನು ಬಿಡಿಸಿಟ್ಟು ರಥ ಎಲ್ಲಿದೆ ಎಂದು ಕೇಳುವುದೂ ಇದಕ್ಕೆ ಹತ್ತಿರವಾದದ್ದೇ. ಜಪಾನಿನ ಇಸೆಯಲ್ಲಿ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸ ಮರದಿಂದ ಕಟ್ಟುತ್ತಾರೆ, 2013ರಲ್ಲೂ ಕಟ್ಟಿದರು. ಅಲ್ಲಿ ಅದು ಹಳೆಯ ದೇಗುಲವೇ. ನಾನು ಈ ಒಗಟನ್ನು ಬಿಡಿಸಹೋಗುವುದಿಲ್ಲ. ಸಾಕ್ಷಿಗೆ ಬೇಕಾದದ್ದು ಹಲಗೆಯ ಅಭಿನ್ನತೆಯಲ್ಲ, ನಂಟಿನ ನಿರಂತರತೆ. ಒಂದೊಂದೇ ಹಲಗೆ ಬದಲಾದ ಮನೆ ಕವನಾನ ಕಾಲದಿಂದ ಇಲ್ಲಿಯವರೆಗೆ ಒಂದೇ ಸರಣಿಯಲ್ಲಿ ಬಂದಿದೆ. ಪ್ರತಿ ದುರಸ್ತಿಯೂ ಹಿಂದಿನದನ್ನು ನೋಡಿಯೇ ನಡೆದಿದೆ. ಆದರೆ ಇದೇ ಆಕ್ಷೇಪದ ಇನ್ನೊಂದು ಮುಖ ಹೆಚ್ಚು ಅಪಾಯಕಾರಿ. ಹೋದ ಮನೆಗಳ ಪ್ರತಿಕೃತಿ ಕಟ್ಟಿಬಿಟ್ಟರೆ ನಷ್ಟ ತುಂಬಿತಲ್ಲ ಎನ್ನುವುದು ಅದು. ಇದಕ್ಕೆ ನ್ಯಾಯ-ವೈಶೇಷಿಕರು ಕೊಡುವ ಉತ್ತರ ನನ್ನನ್ನು ಪ್ರತಿ ಸಲ ತಡೆದು ನಿಲ್ಲಿಸುತ್ತದೆ. ಅವರು ಅಭಾವವನ್ನು ವಿಂಗಡಿಸುವಾಗ, ಹುಟ್ಟುವ ಮುಂಚಿನ ಅಭಾವಕ್ಕೆ ಆದಿಯಿಲ್ಲ, ಅಂತ್ಯವಿದೆ ಎಂದರು. ವಸ್ತು ಹುಟ್ಟಿದಾಗ ಅದು ಮುಗಿಯುತ್ತದೆ. ನಾಶದಿಂದಾದ ಅಭಾವಕ್ಕೆ, ಅಂದರೆ ಪ್ರಧ್ವಂಸಾಭಾವಕ್ಕೆ, ಆದಿಯಿದೆ, ಅಂತ್ಯವಿಲ್ಲ. ಒಡೆದ ಗಡಿಗೆಯ ಜಾಗದಲ್ಲಿ ನೂರು ಗಡಿಗೆ ತಂದಿಟ್ಟರೂ ಆ ಗಡಿಗೆ ಒಡೆದದ್ದು ಒಡೆದದ್ದೇ. ಇಂಥ ಕಠಿಣ ಸತ್ಯವನ್ನು ಪದಾರ್ಥಗಳ ಪಟ್ಟಿಯೊಳಗೇ ಇರಿಸಿದ ತಾರ್ಕಿಕರು ಮನುಷ್ಯರ ದುಃಖವನ್ನು ಅರಿಯದವರಲ್ಲ. ಪ್ರತಿಕೃತಿ ಕಟ್ಟುವುದು ತಪ್ಪಲ್ಲ. ಅದರಿಂದ ಲೆಕ್ಕ ಚುಕ್ತಾ ಆಯಿತು ಎನ್ನುವುದು ತಪ್ಪು.

ವೇದಾಂತದ ಕಡೆಯಿಂದಲೂ ಒಂದು ಆಕ್ಷೇಪವಿದೆ, ಅದಕ್ಕೆ ಈ ಊರಿನಲ್ಲೇ ನೆಲೆಯಿದೆ. 1900ರಲ್ಲಿ ಸ್ವಾಮಿ ವಿವೇಕಾನಂದರು ಸ್ಯಾನ್ ಫ್ರಾನ್ಸಿಸ್ಕೋಕ್ಕೆ ಬಂದಾಗ ಟರ್ಕ್ ಬೀದಿಯ ಒಂದು ಬಾಡಿಗೆ ಮನೆಯಲ್ಲಿ ಉಳಿದಿದ್ದರು. ಅದು ಇದೇ ವೆಸ್ಟರ್ನ್ ಅಡಿಷನ್ನಿನ ಬೀದಿ. ನಾಮರೂಪಗಳೆಲ್ಲ ಅಳಿಯುವಂಥವು ಎಂದು ಅವರು ಅಲ್ಲಿ ಬೋಧಿಸಿರಬಹುದು. ಹಾಗಿರುವಾಗ ಅಳಿಯುವ ಮನೆಗಾಗಿ ಹಂಬಲಿಸುವುದು ಅವಿವೇಕವಲ್ಲವೇ? ಉತ್ತರವನ್ನು ಅವರ ಗುರುಭಾಯಿಯ ಕೆಲಸದಲ್ಲೇ ಹುಡುಕಬಹುದು. ಸ್ವಾಮಿ ತ್ರಿಗುಣಾತೀತಾನಂದರು 1905ರಲ್ಲಿ ವೆಬ್‌ಸ್ಟರ್ ಬೀದಿಯ ಮೂಲೆಯಲ್ಲಿ ಮಂದಿರವನ್ನು ಕಟ್ಟಿಸಲು ತೊಡಗಿದರು. ಕೆಳಗೆ ಆ ಊರಿನ ಮರದ ಮನೆಯ ಮುಂಚಾಚಿದ ಕಿಟಕಿಗಳು, ಮೇಲೆ ಬಂಗಾಳದ, ಕಾಶಿಯ, ತಾಜಮಹಲಿನ ನೆನಪು ತರುವ ಗೋಪುರಗಳು. ಭೂಕಂಪವನ್ನು ದಾಟಿ ಅದು ಇಂದಿಗೂ ನಿಂತಿದೆ. ಎಲ್ಲ ಅಳಿಯುತ್ತದೆ ಎಂದು ಬಲ್ಲವರು ಬೀದಿಯಲ್ಲಿ ಒಂದು ಕಟ್ಟಡವನ್ನು ಇಷ್ಟು ಅಕ್ಕರೆಯಿಂದ ಕಟ್ಟಿದರೆಂದರೆ ವೈರಾಗ್ಯಕ್ಕೂ ಕಾಳಜಿಗೂ ವೈರವಿಲ್ಲ. ಅದ್ವೈತವೂ ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪಿದ್ದು ವ್ಯವಹಾರದ ನೆಲೆಯಲ್ಲಿ ಸತ್ಯಕ್ಕೂ ಸುಳ್ಳಿಗೂ ಭೇದವಿದೆ ಎಂಬ ಕಾರಣಕ್ಕೇ. ಎಲ್ಲವೂ ನಶ್ವರ ಎಂಬ ಮಾತನ್ನು ಮನೆ ಕಳೆದುಕೊಂಡವನು ತನಗೆ ತಾನೇ ಹೇಳಿಕೊಂಡರೆ ಅದು ವಿವೇಕ. ಮನೆ ಕೆಡವಿದವನು ಅವನಿಗೆ ಹೇಳಿದರೆ ಅದು ಕ್ರೌರ್ಯ.

ಅಭಾವಗಳನ್ನು ಎಣಿಸುತ್ತ ಹೋದರೆ ಎಲ್ಲಿ ನಿಲ್ಲಿಸುವುದು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಈ ಊರಿನ ವಿಕ್ಟೋರಿಯನ್ ಮನೆಗಳ ಮೈಯೆಲ್ಲ ರೆಡ್‌ವುಡ್ ಮರ. ಉತ್ತರದ ಮೆಂಡೊಸಿನೊ, ಹಂಬೋಲ್ಟ್ ಕರಾವಳಿಗಳಲ್ಲಿ ಸಾವಿರ ವರ್ಷ ದಾಟಿದ ಮರಗಳನ್ನು ಕಡಿದು ಹಡಗುಗಳಲ್ಲಿ ತಂದರು. ಆ ಪುರಾತನ ಕಾಡಿನಲ್ಲಿ ಇಂದು ಉಳಿದದ್ದು ನೂರಕ್ಕೆ ಐದರಷ್ಟು. ಆ ಹಂಬೋಲ್ಟ್ ಕೊಲ್ಲಿಯ ಸುತ್ತಲಿನ ನೆಲ ವಿಯಾಟ್ ಜನರದು. ಅವರು ಕೊಲ್ಲಿಯ ನಡುವಿನ ದ್ವೀಪದ ತುಲುವಾಟ್ ಎಂಬಲ್ಲಿ ಲೋಕವನ್ನು ಹೊಸದಾಗಿಸುವ ವಾರ್ಷಿಕ ವ್ರತ ನಡೆಸುತ್ತಿದ್ದರು. 1860ರ ಫೆಬ್ರವರಿ 26ರ ನಸುಕಿನಲ್ಲಿ, ವ್ರತದ ದಿನಗಳಲ್ಲೇ, ಬಿಳಿಯ ವಲಸಿಗರು ಕೊಡಲಿ ಚಾಕುಗಳೊಡನೆ ನುಗ್ಗಿ ಹೆಂಗಸರು ಮಕ್ಕಳೆನ್ನದೆ ಕೊಂದರು. ಹೀಗೆ ಮನೆಯ ಹಿಂದೆ ಕಾಡು, ಕಾಡಿನ ಹಿಂದೆ ಜನ. ಈ ಸರಪಳಿಗೆ ಕೊನೆಯಿಲ್ಲವೆಂದಾದರೆ ಎಲ್ಲ ಅಭಾವವೂ ಸಮಾನವಾಗಿ, ಯಾವುದೂ ಯಾರ ಹೊಣೆಯೂ ಅಲ್ಲವಾಗುತ್ತದೆ ಎಂದು ಆಕ್ಷೇಪಿಸುವವರು ಹೇಳುತ್ತಾರೆ. ಯೋಗ್ಯತೆಯ ಷರತ್ತು ಇಲ್ಲಿ ಮತ್ತೆ ನೆರವಿಗೆ ಬರುತ್ತದೆ. ಎಲ್ಲ ಅಭಾವವೂ ಎಲ್ಲ ಕಡೆಯಿಂದ ಕಾಣುವುದಿಲ್ಲ. ಪ್ರತಿಯೋಗಿಯನ್ನು ಬಲ್ಲವರಿದ್ದು ಬೆಳಕೂ ಇದ್ದಾಗ ಕಂಡದ್ದು ಹೊಣೆಯಾಗುತ್ತದೆ. ವಿಯಾಟ್ ಜನ ಮರೆಯಲಿಲ್ಲ. 2014ರಲ್ಲಿ, ಒಂದೂವರೆ ಶತಮಾನದ ನಂತರ, ಅವರು ಅದೇ ದ್ವೀಪದಲ್ಲಿ ಆ ವ್ರತವನ್ನು ಮತ್ತೆ ಆಚರಿಸಿದರು; 2019ರಲ್ಲಿ ಯುರೇಕಾ ನಗರ ತನ್ನ ವಶದಲ್ಲಿದ್ದ ದ್ವೀಪದ ನೆಲವನ್ನು ಅವರಿಗೆ ಮರಳಿಸಿತು. ಹಾಗಾಗಿ ಸರಪಳಿ ಉದ್ದವಿದೆ ಎನ್ನುವುದು ಮೊದಲ ಕೊಂಡಿಯನ್ನು ಬಿಡಲು ನೆಪವಾಗದು.

ಕಟ್ಟಕಡೆಗೆ ವ್ಯವಹಾರದ ಮನುಷ್ಯ ಎತ್ತುವ ಮಾತು: ಆ ಮನೆಗಳು ನಿಜಕ್ಕೂ ಹಾಳಾಗಿದ್ದವು, ಕಿಕ್ಕಿರಿದ ಬಾಡಿಗೆ ಕೋಣೆಗಳಲ್ಲಿ ಬೆಂಕಿಯ ಭಯವಿತ್ತು, ಊರಿಗೆ ಹೊಸ ವಸತಿ ಬೇಕಿತ್ತು. ಹೌದು, ಹಾಳಾಗಿದ್ದವು. ಆದರೆ ಸಾಲ ಕೊಡಬಾರದೆಂದು ಕೆಂಪು ಬಳಿದದ್ದು, ಬೇರೆಡೆ ಬಾಡಿಗೆ ಸಿಗದಂತೆ ಮಾಡಿದ್ದು, ಆಮೇಲೆ ದುರಸ್ತಿಯಿಲ್ಲ, ಜನ ತುಂಬಿದ್ದಾರೆ ಎಂದು ಪಾಳು ಪಟ್ಟ ಕಟ್ಟಿದ್ದು ಒಂದೇ ವ್ಯವಸ್ಥೆಯ ಮೂರು ಹೆಜ್ಜೆಗಳು. ಅಲಾಮೋ ಸ್ಕ್ವೇರಿನ ಸುತ್ತಲೂ ಎಷ್ಟೋ ದೊಡ್ಡ ಮನೆಗಳು ಪಾಲಾಗಿ ಬಾಡಿಗೆ ಕೋಣೆಗಳಾಗಿದ್ದವು. ದುಡ್ಡು, ಸಾಲ, ಅಕ್ಕರೆ ಸಿಕ್ಕಾಗ ಅವು ಚೇತರಿಸಿಕೊಂಡವು, 1984ರಲ್ಲಿ ಈ ನೆರೆ ಐತಿಹಾಸಿಕ ಜಿಲ್ಲೆಯೆಂದು ಘೋಷಿತವಾಯಿತು. ಅಂದರೆ ಪಾಳು ಬೀಳುವುದು ಆ ಮರದ ವಿಧಿಯಾಗಿರಲಿಲ್ಲ. ಇದಕ್ಕೆ ಪುರಾವೆ ಸ್ಟೈನರ್ ಬೀದಿಯೇ. ಹಾಗೆಂದು ಸಂರಕ್ಷಣೆ ತಾನೇ ಬಡವರನ್ನು ಹೊರತಳ್ಳುತ್ತದೆ, ಐತಿಹಾಸಿಕವೆಂಬ ಹಣೆಪಟ್ಟಿ ಬೆಲೆ ಏರಿಸುತ್ತದೆ ಎಂಬ ದೂರನ್ನು ನಾನು ತಳ್ಳಿಹಾಕಲಾರೆ. ಇಂದು ಆ ಸಾಲಿನಲ್ಲಿ ಮನೆ ಕೊಳ್ಳುವುದು ಹಡಗು ಕಾರ್ಖಾನೆಯ ಕೂಲಿಯ ಮೊಮ್ಮಗಳಿಗೆ ಕನಸಿನಲ್ಲೂ ಸಾಧ್ಯವಿಲ್ಲ. ಬೀದಿಯ ರೂಪವನ್ನು ಕಾಯುವ ಕಾನೂನಿನ ಜೊತೆಗೆ ಬಾಡಿಗೆದಾರರನ್ನು ಕಾಯುವ ಕ್ರಮವೂ ಇರಬೇಕು. ಅದಿಲ್ಲದ ಕಡೆ ಸಂರಕ್ಷಣೆ ತಾನೇ ಹೊಸ ಅಭಾವಗಳನ್ನು ಹುಟ್ಟಿಸುತ್ತದೆ, ಸದ್ದಿಲ್ಲದೆ, ಡೈನಮೈಟ್ ಇಲ್ಲದೆ.

ಎಬ್ಬಿಸಿದ ಸಂಸಾರಗಳಿಗೆ ಪುನರಭಿವೃದ್ಧಿ ಸಂಸ್ಥೆ ಆದ್ಯತಾ ಪತ್ರಗಳನ್ನು ಕೊಟ್ಟಿತ್ತು: ಹೊಸ ಮನೆಗಳಾದಾಗ ಮರಳಿ ಬರಲು ನಿಮಗೆ ಮೊದಲ ಹಕ್ಕು ಎಂಬ ಬರಹದ ವಚನ. ಅದನ್ನು ಬಳಸಿ ಹಿಂತಿರುಗಿದವರು ತೀರ ಕೆಲವರು. ಹೊಸ ಮನೆಗಳು ಬರಲು ಹಿಡಿದ ಕಾಲ ಮನುಷ್ಯರ ಆಯುಷ್ಯಕ್ಕೆ ಮೀರಿದ್ದಾಗಿತ್ತು. 2021ರಲ್ಲಿ ಕ್ಯಾಲಿಫೋರ್ನಿಯಾದ ಶಾಸನವೊಂದು ಈ ಹಕ್ಕನ್ನು ಅಂದು ಎದ್ದು ಹೋದವರ ವಂಶಸ್ಥರಿಗೂ ವಿಸ್ತರಿಸಲು ದಾರಿ ಮಾಡಿತು. ಅವರಲ್ಲಿ ಎಷ್ಟೋ ಮಂದಿ ಆ ಮನೆಗಳ ಹೊಸ್ತಿಲನ್ನೇ ಕಂಡವರಲ್ಲ. ಎಂದೂ ಇರದ ಮನೆಯನ್ನು ಅವರು ಕಳೆದುಕೊಂಡದ್ದು ಹೇಗೆ ಎಂದು ಕೇಳುವವರಿದ್ದಾರೆ. ಪ್ರಧ್ವಂಸಾಭಾವಕ್ಕೆ ಅಂತ್ಯವಿಲ್ಲ ಎಂಬುದು ನಿಜವಾದರೆ ಅದು ಅಜ್ಜಿಯೊಡನೆ ಮುಗಿಯಲಿಲ್ಲ. ಅಜ್ಜಿಯ ಬಾಯಿಂದ ಆ ಮನೆಯ ಮಹಡಿ, ಕಿಟಕಿ, ನೆರೆಹೊರೆಯನ್ನು ಕೇಳಿ ಬೆಳೆದ ಮೊಮ್ಮಗಳಿಗೆ ಪ್ರತಿಯೋಗಿಯ ಜ್ಞಾನವಿದೆ. ಅವಳ ಕೈಯಲ್ಲಿ ಅಜ್ಜಿಯ ಹೆಸರಿನ ಪತ್ರವಿದೆ. ಸ್ಟೈನರ್ ಬೀದಿಯ ಮನೆಗಳ ಮುಂದೆ ಅವಳು ನಿಂತರೆ, ಗಿಯರಿಯಲ್ಲಿ ಏನಿಲ್ಲ ಎಂಬುದು ಬೇರೆ ಯಾರಿಗಿಂತಲೂ ಅವಳಿಗೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಹಾಗೆ ಕಂಡವಳ ಕೋರಿಕೆಯನ್ನು ವಿಚಾರಿಸುವ ಕಚೇರಿ, ಅವಳು ಅಲ್ಲಿ ಎಂದಾದರೂ ಇದ್ದಳೇ ಎಂದಷ್ಟೇ ಕೇಳಿ ಸುಮ್ಮನಾದರೆ, ಕೇಳಬೇಕಾದ ಪ್ರಶ್ನೆಯನ್ನು ಕೇಳಿದಂತಾಗುವುದಿಲ್ಲ.